ಆನೆಗೊಂದಿಯ ದಾರಿಯಲ್ಲಿ ಕಾದ ಕಾರು

ಪ್ರಶ್ನೆ: ಗಂಗಾವತಿಯಿಂದ ಆನೆಗೊಂದಿಗೆ ಹೊರಟಾಗ ನಮ್ಮ ಹಳೆಯ ಕಾರಿನ ಇಂಜಿನ್ ಕಾದು, ಬಾನೆಟ್ಟಿನಿಂದ ಹಬೆ ಎದ್ದಿತು. ಮೆಕ್ಯಾನಿಕ್ ಬರುವವರೆಗೆ ಏನು ಮಾಡಬೇಕಿತ್ತು? ಮತ್ತೆ ಹೋದರೆ ಅರ್ಧ ದಿನದಲ್ಲಿ ಏನೇನು ನೋಡಬಹುದು?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಹಬೆ ಕಂಡೊಡನೆ ಗಾಡಿಯನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಬೇಕು. ರೇಡಿಯೇಟರಿನಲ್ಲಿ ನೀರು ಒತ್ತಡದಲ್ಲಿರುವುದರಿಂದ, ಬಿಸಿಯಿರುವಾಗ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಎಷ್ಟೇ ಅವಸರವಿದ್ದರೂ ಇದೊಂದನ್ನು ದಯವಿಟ್ಟು ಮಾಡಬೇಡಿ. ಪೂರ್ತಿ ತಣಿದ ಮೇಲೆ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಮಟ್ಟ, ರಬ್ಬರ್ ಪೈಪುಗಳ ಸೋರಿಕೆ, ಫ್ಯಾನಿನ ಫ್ಯೂಸ್ ಇವನ್ನು ನೋಡಿ. ಕೂಲೆಂಟ್ ಇಲ್ಲದಿದ್ದರೆ ಶುದ್ಧ ನೀರು ಹಾಕಿ ಹತ್ತಿರದ ಗ್ಯಾರೇಜಿನವರೆಗೆ ನಿಧಾನವಾಗಿ ಸಾಗಬಹುದು, ಆದರೆ ಸೋರಿಕೆ ದೊಡ್ಡದಿದ್ದರೆ ಎಳೆಸಿಕೊಂಡು ಹೋಗುವುದೇ ಕ್ಷೇಮ.

ಆನೆಗೊಂದಿಯನ್ನು ಹಂಪಿಯ ಬಾಲವೆಂದು ಭಾವಿಸಿ ಓಡಿ ನೋಡುವವರನ್ನು ಕಂಡರೆ ನನಗೆ ನೋವಾಗುತ್ತದೆ, ಏಕೆಂದರೆ ತುಂಗಭದ್ರೆಯ ಉತ್ತರ ದಡದ ಈ ಊರು ವಿಜಯನಗರಕ್ಕಿಂತಲೂ ಹಳೆಯದು. ಊರ ನಡುವಿನ ಗಗನ ಮಹಲ್, ರಂಗನಾಥ ದೇವಾಲಯ, ಹುಚ್ಚಪ್ಪಯ್ಯನ ಮಠದ ಕಡೆದ ಕರಿಗಲ್ಲಿನ ಕಂಬಗಳು ಇವೆಲ್ಲವನ್ನೂ ನಡೆದೇ ನೋಡಬಹುದು. ವ್ಯಾಸರಾಜರ ವೃಂದಾವನವೂ ಇರುವ ನವವೃಂದಾವನ, ಅಂದರೆ ಒಂಬತ್ತು ಮಾಧ್ವ ಯತಿಗಳ ಸಮಾಧಿಗಳ ತಾಣ, ನದಿಯ ನಡುಗಡ್ಡೆಯಲ್ಲಿರುವುದರಿಂದ, ಹೊಳೆ ತುಂಬಿದ್ದಾಗ ಅದನ್ನು ಬಿಟ್ಟುಬಿಡಿ. ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬಿಸಿಲೇರುವ ಮೊದಲೇ ಹತ್ತಿರಿ.