ಊರಿಗೆ ಮರಳುವ ಅಧ್ಯಾಯದಲ್ಲಿ ಅಳು ಏಕೆ?

ಚೀನೀ ವೆಬ್ ಕಾದಂಬರಿಯ ನಾಯಕ ಬೆಟ್ಟ ಸೀಳುವಷ್ಟು ಬಲಶಾಲಿಯಾದ ಮೇಲೂ, ಅವನು ಹುಟ್ಟಿದೂರಿಗೆ ಮರಳುವಾಗ ನಿಮಗೇಕೆ ಅಳು ಬರುತ್ತದೆ ಎಂದು ಕೇಳಿದ್ದೀರಿ. ನನಗೂ ಅಲ್ಲೇ ಗಂಟಲು ಕಟ್ಟುತ್ತದೆ.

ಶಿಯೆನ್‌ಶಿಯಾ ಎಂಬ ಬಗೆಯ ಈ ಕಥೆಗಳಲ್ಲಿ ಸಾಧಕನ, ಅಂದರೆ ಅಮರತ್ವಕ್ಕಾಗಿ ತಪಸ್ಸು ಮಾಡುವ ನಾಯಕನ, ಆಯುಷ್ಯ ನೂರಾರು ವರ್ಷ. ಅಪ್ಪ ಅಮ್ಮನದು ನಮ್ಮಷ್ಟೇ. ಗುಹೆಯಲ್ಲಿ ಒಂದು ಸಾಧನೆ ಮುಗಿಸಿ ಬರುವಷ್ಟರಲ್ಲಿ ತಂಗಿ ಮುದುಕಿಯಾಗಿರುತ್ತಾಳೆ. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬದಂದು ಹಿರಿಯರ ಸಮಾಧಿ ಗುಡಿಸುವುದು ಚೀನಾದಲ್ಲಿ ಮಕ್ಕಳ ಕರ್ತವ್ಯ. ಅಂಥ ಸಮಾಜದ ಓದುಗರಿಗೆ ಹುಲ್ಲು ಬೆಳೆದ ಸಮಾಧಿಯ ಒಂದೇ ಸಾಲು ಸಾಕು. ಇಷ್ಟು ವರ್ಷ ಮಗ ಬರಲಿಲ್ಲ ಎಂದು ಅದು ಹೇಳಿಬಿಡುತ್ತದೆ.

ಗುರುವಿನ ವಿಷಯವೂ ಹಾಗೆಯೇ. ಒಂದು ದಿನ ಕಲಿಸಿದವನು ಜೀವಮಾನವಿಡೀ ತಂದೆ ಎಂಬ ಗಾದೆ ಅವರಲ್ಲಿದೆ. ಗುರು ಸತ್ತರೆ ಶಿಷ್ಯ ಎರಡನೇ ಸಲ ತಬ್ಬಲಿ.

ಇನ್ನು ಕಥೆಯ ಉದ್ದ. 2002ರಲ್ಲಿ ಶುರುವಾದ ಚೀದ್ಯೆನ್‌ನಂಥ ಕಾದಂಬರಿ ಜಾಲತಾಣಗಳಲ್ಲಿ ಇವು ದಿನವೂ ಬೆಳೆಯುತ್ತಾ ಸಾವಿರ ಅಧ್ಯಾಯ ದಾಟುತ್ತವೆ. ಮೊದಲ ಹತ್ತರಲ್ಲಿ ಗಂಜಿ ಬಡಿಸಿದ ಅಜ್ಜಿ ಎಂಟುನೂರನೆಯದರಲ್ಲಿ ನೆನಪಾದಾಗ, ನಡುವಿನ ತಿಂಗಳುಗಳನ್ನು ನಾವೂ ಬದುಕಿರುತ್ತೇವೆ. ಯುದ್ಧಗಳನ್ನು ನಾನು ಬೇಗ ಓದಿ ಮುಗಿಸುತ್ತೇನೆ, ಆ ಗಂಜಿಯ ಪುಟಕ್ಕೆ ಮತ್ತೆ ಮತ್ತೆ ಹೋಗುತ್ತೇನೆ.