ಭಾನುವಾರದ ಬೋರ್ಡೋ

ಪ್ರಶ್ನೆ: ಮೇಷ್ಟ್ರೇ, ನಮ್ಮದು ತೀರ್ಥಹಳ್ಳಿ ಕಡೆ ಒಂದೂವರೆ ಎಕರೆ ಅಡಿಕೆ ತೋಟ. ಜುಲೈನಲ್ಲಿ ಹತ್ತು ದಿನ ಬಿಡದೆ ಮಳೆ. ಒಂದು ಭಾನುವಾರ ಹೊಳವಾಯಿತು. ಚರ್ಚಿಗೆ ಹೋಗದೆ ಎರಡನೇ ಸಲದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸಿದೆ. ಆದರೂ ಕೊಳೆರೋಗ ಬಂತು, ಕಾಯಿ ರಾಶಿ ರಾಶಿ ಉದುರಿತು. ದೊಡ್ಡಪ್ಪ ಬೈಬಲ್ಲಿನ ಧರ್ಮೋಪದೇಶಕಾಂಡದ 28ನೇ ಅಧ್ಯಾಯ ತೆಗೆದು, 'ದೇವರ ಮಾತು ಮೀರಿದ್ದಕ್ಕೆ ಶಾಪ, ನೋಡು' ಅನ್ನುತ್ತಾರೆ. ನಿಜವೇ?

ಉತ್ತರ: ದೊಡ್ಡಪ್ಪ ತೋರಿಸಿದ್ದು 40ನೇ ವಚನ ಇರಬೇಕು. ಎಣ್ಣೆಮರ (ಆಲಿವ್) ಇದ್ದರೂ ಹಚ್ಚಿಕೊಳ್ಳಲು ಎಣ್ಣೆ ಸಿಗದು, ಕಾಯಿ ಉದುರಿಹೋಗುತ್ತದೆ ಅಂತ ಅಲ್ಲಿದೆ. ಕೊಳೆ ಕಂಡವರಿಗೆ ಎದೆ ಝಲ್ ಅನ್ನುತ್ತದೆ, ಅಲ್ವಾ? ಆ ಅಧ್ಯಾಯದ 68 ವಚನಗಳಲ್ಲಿ ಆಶೀರ್ವಾದ 14ಕ್ಕೇ ಮುಗಿಯುತ್ತದೆ. ಉಳಿದದ್ದೆಲ್ಲ ಶಾಪ. ಆದರೆ ಮೋಶೆ ಅದನ್ನು ಹೇಳಿದ್ದು ಮೋವಾಬಿನಲ್ಲಿ ಸೇರಿದ್ದ ಇಡೀ ಇಸ್ರಾಯೇಲ್ ಜನರಿಗೆ. ಪಕ್ಕದವನ ತೋಟ ನೋಡಿ ಅವನ ಪಾಪ ಲೆಕ್ಕ ಹಾಕಿ ಅಂತ ಎಲ್ಲೂ ಹೇಳಲಿಲ್ಲ.

ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗ, ಅವರೇನು ಉಳಿದವರಿಗಿಂತ ದೊಡ್ಡ ಪಾಪಿಗಳೇ ಅಂತ ಕೇಳಿ, ಅಲ್ಲ ಅಂದವರು ಯೇಸುಸ್ವಾಮಿ (ಲೂಕ 13). ನೀವೂ ತಿರುಗಿಕೊಳ್ಳಿ ಅಂತಲೂ ಸೇರಿಸಿದರು. ಅದು ದೊಡ್ಡಪ್ಪನಿಗೂ ಹೇಳಿದ್ದು. ಇನ್ನು ಭಾನುವಾರ. ಕೆಲಸ ಮಾಡಬಾರದ ಸಬ್ಬತ್ ದಿನ ಎತ್ತು ಬಾವಿಗೆ ಬಿದ್ದರೆ ಎತ್ತುವುದಿಲ್ಲವೇ ಅಂತ ಅವರೇ ಕೇಳಿದ್ದಾರೆ. ಸಾಕು.

ಹಾಗಾದರೆ ಮಾತು ಮೀರಿದರೆ ಏನೂ ಆಗೋದಿಲ್ವಾ? ಆಗುತ್ತದೆ. ಶತ್ರುಗಳಾದ ಅಮಾಲೇಕ್ಯರದ್ದು ಏನನ್ನೂ ಉಳಿಸಬೇಡ ಅಂತ ಇಸ್ರಾಯೇಲಿನ ಅರಸ ಸೌಲನಿಗೆ ದೇವರ ಅಪ್ಪಣೆಯಾಗಿತ್ತು. (ಆ ಅಪ್ಪಣೆ ಓದುವಾಗ ನನಗೂ ಗಂಟಲು ಕಟ್ಟುತ್ತದೆ. ಅದು ಬೇರೆಯೇ ಪ್ರಶ್ನೆ.) ಅವನು ಕೊಬ್ಬಿದ ಕುರಿ ದನ ಉಳಿಸಿಕೊಂಡು, ದೇವರಿಗೆ ಬಲಿ ಕೊಡಲು ಅಂದ. ನನ್ನ ಕಿವಿಗೆ ಬೀಳುತ್ತಿರುವ ಕುರಿಗಳ ಕೂಗೇನು ಅಂತ ಪ್ರವಾದಿ ಸಮುವೇಲ ಕೇಳಿದ. ಸೌಲನ ಅರಸುತನ ಹೋಯಿತು.

ನನ್ನ ಕುರಿಗಳೂ ಒಮ್ಮೆ ಕೂಗಿದ್ದವು. ಒಂದು ಶನಿವಾರ ಸಂಜೆ, ಮರ ಹತ್ತಿ ಔಷಧಿ ಹೊಡೆದ ಕೊನೆಗಾರನಿಗೆ 'ಚಿಲ್ಲರೆ ಇಲ್ಲ, ಸೋಮವಾರ ಬಾ' ಅಂದು ಕಳಿಸಿದೆ. ದುಡ್ಡಿತ್ತು. ಕಾಣಿಕೆಗೆ ಅಂತ ಎತ್ತಿಟ್ಟಿದ್ದೆ. ಮರುದಿನ ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಜೋರಾಗಿ ಹಾಡಿದೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡು ಅನ್ನುವುದು ದೊಡ್ಡಪ್ಪನ ಅದೇ ಧರ್ಮೋಪದೇಶಕಾಂಡದಲ್ಲಿ, 24ನೇ ಅಧ್ಯಾಯದಲ್ಲಿದೆ. ಮುಂದಿನ ಸುತ್ತಿಗೆ ಅವನು ಬರಲಿಲ್ಲ. ಬೇರೆಯವರು ಸಿಗುವಷ್ಟರಲ್ಲಿ ಕೊಳೆ ಗೊನೆ ಗೊನೆಗೂ ಹತ್ತಿತ್ತು. ಆ ವರ್ಷದ ನಷ್ಟಕ್ಕೆ ನಾನು ಮಳೆಯನ್ನು ಬೈಯಲಿಲ್ಲ.

ನಿಮ್ಮ ತೋಟದ ವಿಚಾರಕ್ಕೆ ಬರುತ್ತೇನೆ. ಮೊದಲ ಸಲ ಹೊಡೆದು 45 ದಿನ ದಾಟಿತ್ತೇ? 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ ಸರಿಯಾಗಿ ಬಿದ್ದಿತ್ತೇ? ಉದುರಿದ ಕಾಯಿ ಮರದಡಿ ಬಿಡಬೇಡಿ, ಆರಿಸಿ ತೆಗೆಯಿರಿ. ಅಂದಹಾಗೆ, ಆ ಭಾನುವಾರ ಮರ ಹತ್ತಿದವನಿಗೆ ಕೂಲಿ ಅವತ್ತೇ ಕೊಟ್ಟಿರಾ? ಅದನ್ನು ನೀವು ಬರೆದಿಲ್ಲ.