ಹಳೇ ಮನೆ ಕೊಂಡು, ರಿಪೇರಿ ಮಾಡಿ ಮಾರಿದರೆ ಲಾಭ ಇದೆಯಾ?

ಪ್ರಶ್ನೆ: ನನಗೆ 34 ವರ್ಷ. ತುಮಕೂರಿನಲ್ಲಿ ಖಾಸಗಿ ಕೆಲಸ, ಸಂಬಳ ತಿಂಗಳಿಗೆ 95 ಸಾವಿರ. ಉಳಿತಾಯ 24 ಲಕ್ಷ ಇದೆ. ಅಮೆರಿಕದಲ್ಲಿ ಹಳೇ ಮನೆ ಕೊಂಡು, ಚೆಂದ ಮಾಡಿ, ಆರೇ ತಿಂಗಳಲ್ಲಿ ಮಾರುವವರ ವಿಡಿಯೊ ನೋಡುತ್ತಿರುತ್ತೇನೆ. ಮೈಸೂರಿನಲ್ಲಿ 20×30ರ ಹಳೇ ಮನೆಯೊಂದು 50 ಲಕ್ಷಕ್ಕೆ ಸಿಗುತ್ತಿದೆ. ಕೊಂಡು ಮಾರಲಾ, ಬಾಡಿಗೆಗೆ ಬಿಡಲಾ? ಅಪ್ಪ ಎರಡೂ ಬೇಡ, ಸೈಟ್ ತಗೋ ಅಂತಾರೆ. – ಓದುಗರು, ತುಮಕೂರು

ಉತ್ತರ: ಮೊದಲು ಒಂದು ಹಾಳೆ ತಗೊಂಡು ಕೂಡಿ ನೋಡೋಣ. ವಿಡಿಯೊದಲ್ಲಿ ಈ ಹಾಳೆ ತೋರಿಸುವುದಿಲ್ಲ.

ಮನೆಗೆ 50 ಲಕ್ಷ. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಎಲ್ಲಾ ಸೇರಿ ನಗರದಲ್ಲಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ನಿಂದ 2%ಗೆ ಏರಿದೆ. ಒಟ್ಟು 7.6%, ಅಂದರೆ 3.8 ಲಕ್ಷ. ಬ್ರೋಕರ್‌ಗೆ 50 ಸಾವಿರ. ರಿಪೇರಿಗೆ 6 ಲಕ್ಷ ಅಂತಿಟ್ಟುಕೊಳ್ಳಿ. ನಿಮ್ಮ ಹಣ ಸಾಲದು, ಹಾಗಾಗಿ 38 ಲಕ್ಷ ಸಾಲ. 8.5% ಬಡ್ಡಿಯಂತೆ ಹತ್ತು ತಿಂಗಳಿಗೆ 2.7 ಲಕ್ಷ. ಎಲ್ಲಾ ಸೇರಿ 63 ಲಕ್ಷ ಆಯ್ತು. ಮಾರುವಾಗ ಮತ್ತೆ ಬ್ರೋಕರ್ ಕಮಿಷನ್ ಇದೆ. ಅಂದರೆ 50 ಲಕ್ಷದ ಮನೆಯನ್ನು 63.6 ಲಕ್ಷಕ್ಕೆ ಮಾರಿದರೂ ನಿಮಗೆ ಉಳಿಯುವುದು ಸೊನ್ನೆ.

68 ಲಕ್ಷಕ್ಕೆ ಹೋಯಿತು ಅನ್ನೋಣ. ಲಾಭ 4.3 ಲಕ್ಷ. ಎರಡು ವರ್ಷದೊಳಗೆ ಮಾರಿದ್ದರಿಂದ ಅದು ಅಲ್ಪಾವಧಿ ಲಾಭ, ನಿಮ್ಮ ಸಂಬಳದ ಜೊತೆ ಸೇರುತ್ತದೆ. ಈಗ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ನಿಮಗೆ ತೆರಿಗೆಯೇ ಬರುವುದಿಲ್ಲ. ಈ ಲಾಭ ಸೇರಿದರೆ ಆದಾಯ 12 ಲಕ್ಷ ದಾಟಿ 1 ಲಕ್ಷಕ್ಕೂ ಜಾಸ್ತಿ ತೆರಿಗೆ ಬೀಳುತ್ತದೆ. ಉಳಿಯುವುದು ಸುಮಾರು 3.2 ಲಕ್ಷ. ಗಿರಾಕಿ ಸಿಗದೆ ಒಂದೊಂದು ತಿಂಗಳು ತಡವಾದರೂ ಬಡ್ಡಿಯೇ 27 ಸಾವಿರ. ಇನ್ನೊಂದು ಮಾತು: ನಿಮ್ಮಿಂದ ಕೊಳ್ಳುವವರೂ ನೋಂದಣಿಗೆ 5 ಲಕ್ಷ ಚಿಲ್ಲರೆ ಕಟ್ಟಬೇಕು. ಅವರಿಗೆ ಆ ಮನೆ 73 ಲಕ್ಷದ್ದು. ಆ ದುಡ್ಡಿಗೆ ಹೊಸ ಮನೆ ಸಿಗುತ್ತಾ ಅಂತ ಅವರೂ ಹುಡುಕುತ್ತಾರೆ, ಅಲ್ವಾ?

ನಮ್ಮಲ್ಲಿ ಬೆಲೆ ಏರುವುದು ನೆಲಕ್ಕೆ. ಕಟ್ಟಡದ ಬೆಲೆ ವರ್ಷವರ್ಷ ಇಳಿಯುತ್ತದೆ. ಹೊಸ ಟೈಲ್ಸ್, ಮಾಡ್ಯುಲರ್ ಕಿಚನ್ ನೋಡಿ ಯಾರೂ ಹತ್ತು ಲಕ್ಷ ಜಾಸ್ತಿ ಕೊಡುವುದಿಲ್ಲ. ಆದರೆ ಕಾಗದ ಪತ್ರ ಸರಿ ಇಲ್ಲದ ಮನೆಯನ್ನು ಕಡಿಮೆಗೆ ಕೊಂಡು, ಅದನ್ನು ಸರಿ ಮಾಡಿಸಿ ಒಳ್ಳೇ ಬೆಲೆಗೆ ಮಾರುವವರಿದ್ದಾರೆ. ಅಸಲಿ ಲಾಭ ಆ ಕಡೆ ಇದೆ, ಕೈ ಸುಡುವುದೂ ಅಲ್ಲೇ. ಹೊಸಬರು ಅದಕ್ಕೆ ಕೈ ಹಾಕಬೇಡಿ.

ಬ್ಯಾಂಕಿನಲ್ಲಿ ಗೃಹಸಾಲದ ಫೈಲು ನೋಡುತ್ತಿದ್ದ ಕಾಲದಲ್ಲಿ ನನ್ನ ಮುಂದೆ ಬಂದ ಒಂದು ಮನೆ ನೆನಪಾಗುತ್ತದೆ. ಅಕ್ಕಪಕ್ಕದ ಮನೆಗಳಿಗಿಂತ ಎಂಟು ಲಕ್ಷ ಕಡಿಮೆ. ಇ.ಸಿ. (ಋಣಭಾರ ಪ್ರಮಾಣಪತ್ರ) ಶುದ್ಧ, ಖಾತೆ ಇದೆ, ಕಂದಾಯ ಕಟ್ಟಿದೆ. ವಂಶವೃಕ್ಷ ತರಿಸಿದೆವು. ಮೂವರು ಅಣ್ಣತಮ್ಮಂದಿರು ವಿಭಾಗಪತ್ರ ಮಾಡಿಕೊಂಡಿದ್ದರು, ಇಬ್ಬರು ಅಕ್ಕಂದಿರ ಸಹಿ ಎಲ್ಲೂ ಇರಲಿಲ್ಲ. ‘ಅವರಿಗೆ ಮದುವೇಲಿ ಕೊಟ್ಟಾಗಿದೆ ಸಾರ್’ ಅಂದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಸಾಲ ಕೊಡಲಿಲ್ಲ. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ವಿಲ್ ಅದರಲ್ಲಿ ಕಾಣುವುದಿಲ್ಲ. ಅಕ್ಕನ ಸಿಟ್ಟಂತೂ ಕಾಣುವುದೇ ಇಲ್ಲ. ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಮಾರುತ್ತೇವೆ ಅಂದರೆ ಎದ್ದು ಬನ್ನಿ. ಅದರಿಂದ ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇನ್ನು ಬಾಡಿಗೆ. ಅಂಥ ಮನೆಗೆ ತಿಂಗಳಿಗೆ 15 ಸಾವಿರ ಬಂದರೆ ವರ್ಷಕ್ಕೆ 1.8 ಲಕ್ಷ. ನೀವು ಹಾಕಿದ 60 ಲಕ್ಷಕ್ಕೆ ಇದು 3%. 20 ವರ್ಷದ ಸಾಲದ ಕಂತು 33 ಸಾವಿರ. ಮಿಕ್ಕ 18 ಸಾವಿರ ನಿಮ್ಮ ಸಂಬಳದಿಂದ ಹೋಗಬೇಕು. ಬಾಡಿಗೆಯೇ ಸಾಲ ತೀರಿಸುತ್ತದೆ ಅನ್ನುವ ಲೆಕ್ಕ ನಮ್ಮ ಊರುಗಳಲ್ಲಿ ಕೂಡುವುದು ಅಪರೂಪ.

ಹಾಗಾದರೆ ಏನು ಮಾಡಬಹುದು? ಮೈಸೂರು ಬಿಡಿ. ತುಮಕೂರಿನಲ್ಲೇ ಎರಡು ಪೋರ್ಷನ್ ಇರುವ ಮನೆ ನೋಡಿ. ಮೆಟ್ಟಿಲು ಹೊರಗಿರಲಿ, ಕರೆಂಟ್ ಮೀಟರ್ ಬೇರೆ ಬೇರೆ ಇರಲಿ. ಒಂದರಲ್ಲಿ ನೀವಿರಿ, ಇನ್ನೊಂದನ್ನು ಬಾಡಿಗೆಗೆ ಕೊಡಿ. ನೀವೀಗ ಬಾಡಿಗೆ ಕಟ್ಟುತ್ತಿದ್ದರೆ ಅದು ಉಳಿಯುತ್ತದೆ, ಇನ್ನೊಂದು ಪೋರ್ಷನ್‌ನ ಬಾಡಿಗೆ ಬರುತ್ತದೆ. ನಲ್ಲಿ ಸೋರಿದರೆ ಮೈಸೂರಿಗೆ ಓಡಬೇಕಾಗಿಲ್ಲ. ಆದಾಯ ತೆರಿಗೆ ಲೆಕ್ಕ ಹಾಕುವಾಗ ಬಾಡಿಗೆಗೆ ಕೊಟ್ಟ ಭಾಗದ ಮೇಲೆ ಮನೆ ಕಂದಾಯ ಕಳೆದು, ಉಳಿದ ಬಾಡಿಗೆಯಲ್ಲಿ 30% ನೇರವಾಗಿ ಬಿಟ್ಟು, ಆ ಭಾಗದ ಸಾಲದ ಬಡ್ಡಿಯನ್ನೂ ಕಳೆದುಕೊಳ್ಳಬಹುದು. ಕೈಯಲ್ಲಿ ಮೂರು ನಾಲ್ಕು ಲಕ್ಷ ಉಳಿಸಿಕೊಂಡೇ ಕೊಳ್ಳಿ. ನಿಮ್ಮ ಅಪ್ಪ ಹೇಳಿದ್ದು ಅರ್ಧ ಸರಿ, ನೆಲ ಮುಖ್ಯ. ಆದರೆ ಸೈಟಿನಿಂದ ಬಾಡಿಗೆ ಬರುವುದಿಲ್ಲ, ಸುಮ್ನೆ ಪಾರ್ಥೇನಿಯಂ ಬೆಳೆಯುತ್ತದೆ.

ಮನೆ ನೋಡಲು ಮಳೆ ಬಂದ ಮರುದಿನ ಹೋಗಿ. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅನುಮಾನ ಪಡಿ. ಬೆರಳ ಗೆಣ್ಣಿನಿಂದ ಗಾರೆ ತಟ್ಟಿ, ಟೊಳ್ಳು ಸದ್ದು ಬಂದರೆ ಒಳಗೆ ಬಿಟ್ಟುಕೊಂಡಿದೆ. ಸಜ್ಜಾದ ಕೆಳಗೆ ಕಂಬಿ ತುಕ್ಕು ಹಿಡಿದು ಉಬ್ಬಿದೆಯಾ ನೋಡಿ. ಸಂಪಿನ ಮುಚ್ಚಳ ತೆಗೆಸಿ. ಕೊನೆಗೆ ಪಕ್ಕದ ಮನೆಯ ಆಂಟಿಯ ಹತ್ತಿರ ಎರಡು ನಿಮಿಷ ನಿಂತು ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ ಕೇಳಿ. ಬ್ರೋಕರ್ ಹೇಳದ್ದೆಲ್ಲ ಅಲ್ಲಿ ಸಿಗುತ್ತದೆ.

ಪ್ರಶ್ನೆ: ನಮ್ಮ ಮಹಡಿ ಮನೆಯನ್ನು 8 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಕೇಳುತ್ತಿದ್ದಾರೆ. ಬಾಡಿಗೆಗಿಂತ ಇದೇ ಲಾಭ ಅಲ್ವಾ? – ಗೃಹಿಣಿ, ಬೆಂಗಳೂರು

ಉತ್ತರ: ಆ 8 ಲಕ್ಷ ನಿಮ್ಮದಲ್ಲ ಅಮ್ಮ, ಬಡ್ಡಿಯ ಬದಲು ಮನೆ ಕೊಟ್ಟು ಪಡೆದ ಸಾಲ. ಜಾಸ್ತಿ ಬಡ್ಡಿಯ ಸಾಲವಿದ್ದು, ಅದನ್ನು ತೀರಿಸಲು ಬೇಕಿದ್ದರೆ ಪಡೆಯಿರಿ. ಮಗಳ ಮದುವೆಗೋ ಕಾರಿಗೋ ಖರ್ಚು ಮಾಡುವ ಯೋಚನೆ ಇದ್ದರೆ ಬೇಡ. ಮೂರು ವರ್ಷ ಮುಗಿದ ದಿನ ಅವರು ಹಣ ಕೇಳುತ್ತಾರೆ. ಕೊಡಲಾಗದೆ ಇನ್ನೊಬ್ಬರಿಗೆ ಭೋಗ್ಯಕ್ಕೆ ಹಾಕಿ, ಅವರ ದುಡ್ಡಲ್ಲಿ ಇವರದ್ದು ತೀರಿಸುತ್ತಾ ಹೋದವರನ್ನು ಬಹಳ ನೋಡಿದ್ದೇನೆ. ಕೊಡುವುದೇ ಆದರೆ ಹಣ ಬ್ಯಾಂಕ್ ಮೂಲಕವೇ ಬರಲಿ, ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ ತಗೊಳ್ಳಿ.